ನೆತ್ತರು ನಿಲ್ಲುವ ಬಗೆ

ನವಲಗುಂದದ ಎರೆಹೊಲಗಳಲ್ಲಿ ಗೋದಿ ಕೊಯ್ಯುವಾಗ ಬೆರಳಿಗೆ ಕುಡಗೋಲು ತಾಗುವುದು ಹೊಸದೇನಲ್ಲ. ಅರಿವೆಯ ತುಂಡೊಂದನ್ನು ಬಿಗಿಯಾಗಿ ಸುತ್ತಿ ಮತ್ತೆ ಕೊಯ್ಲಿಗೆ ಬಾಗುತ್ತಾರೆ. ಕೆಲವೇ ನಿಮಿಷಗಳಲ್ಲಿ ನೆತ್ತರು ತಾನಾಗಿ ನಿಲ್ಲುತ್ತದೆ. ನಾವು ‘ತಾನಾಗಿ’ ಎಂದುಬಿಡುವ ಈ ಕ್ರಿಯೆಯ ಹಿಂದೆ ರಕ್ತನಾಳದ ಗೋಡೆ ಹಾಗೂ ಕಿರುತಟ್ಟೆಗಳ ಕೂಡುಕಾಯಕವಿದೆ.

ಆಸ್ಪತ್ರೆಯವರು ಪ್ಲೇಟ್‌ಲೆಟ್ ಎನ್ನುವುದು ಈ ಕಿರುತಟ್ಟೆಗಳನ್ನೇ. ನಮ್ಮಲ್ಲಿ ಇವನ್ನು ‘ಬಿಳಿ ರಕ್ತಕಣ’ ಎನ್ನುವ ರೂಢಿ ಬಿದ್ದಿದೆ, ಅದು ಸರಿಯಲ್ಲ. ಬಿಳಿ ರಕ್ತಕಣಗಳು ರೋಗಾಣುಗಳೊಡನೆ ಹೋರಾಡುವ ಬೇರೆಯೇ ಕಣಗಳು. ಕಿರುತಟ್ಟೆಗಳಾದರೋ ಎಲುಬಿನ ಮಜ್ಜೆಯಲ್ಲಿರುವ ದೊಡ್ಡ ಜೀವಕೋಶಗಳಿಂದ ಕಳಚಿಬಂದ ಚೂರುಗಳು. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ಆಯುಷ್ಯ 7ರಿಂದ 10 ದಿನ.

ನಾಳ ಕೆಡದಿರುವಾಗ ಅದರ ಒಳಪದರವೇ ಕಿರುತಟ್ಟೆಗಳನ್ನು ಅಂಟಗೊಡದೆ ದೂರವಿಡುತ್ತದೆ. ಗಾಯವಾದೊಡನೆ ನಾಳ ಮೊದಲು ತಾನೇ ಮುದುಡಿಕೊಂಡು ನೆತ್ತರಿನ ಹರಿವನ್ನು ತಗ್ಗಿಸುತ್ತದೆ. ಒಳಪದರ ಹರಿದೆಡೆಯಲ್ಲಿ ಕೊಲಾಜನ್ ಎಂಬ ನಾರು ಬಯಲಾಗುತ್ತದೆ. ಕಿರುತಟ್ಟೆಗಳು ಅಲ್ಲಿಗೆ ಬಂದು ಅಂಟುತ್ತವೆ, ಆಕಾರ ಬದಲಿಸಿ ಮೈಚಾಚುತ್ತವೆ, ರಾಸಾಯನಿಕಗಳನ್ನು ಸೂಸಿ ಹರಿದುಹೋಗುವ ಇತರ ಕಿರುತಟ್ಟೆಗಳನ್ನೂ ಕರೆಯುತ್ತವೆ. ಹೀಗೆ ಕಟ್ಟಿದ ಬಿರಡೆಯ ಮೇಲೆ ಫೈಬ್ರಿನ್ ಎಳೆಗಳು ಹರಡಿಕೊಳ್ಳುತ್ತವೆ. ಇದು ನವಲಗುಂದದ ಜಮಖಾನೆಯಂತಹ ಅಚ್ಚುಕಟ್ಟಾದ ನೇಯ್ಗೆಯಲ್ಲ, ಅಡ್ಡಾದಿಡ್ಡಿ ಬಲೆ, ಆದರೂ ಗಟ್ಟಿ.

ನಾಳಕ್ಕೂ ಕಿರುತಟ್ಟೆಗೂ ನಡುವೆ ಅಂಟಿನಂತೆ ನಿಲ್ಲುವ ಒಂದು ಪ್ರೋಟೀನು ಉಂಟು. ಅದರ ಬಹುಭಾಗ ತಯಾರಾಗುವುದು ನಾಳದ ಒಳಪದರದಲ್ಲಿಯೇ. ಫಿನ್ಲೆಂಡಿನ ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡ್ 1926ರಲ್ಲಿ ಒಂದು ಕುಟುಂಬದ ರಕ್ತಸ್ರಾವದ ಬೇನೆಯನ್ನು ವಿವರಿಸಿದರು. ಅದು ಈ ಪ್ರೋಟೀನಿನ ಕೊರತೆಯಿಂದಾದುದೆಂದು ಮುಂದೆ ತಿಳಿದುಬಂದಿತು. ಇಂಥವರಲ್ಲಿ ಕಿರುತಟ್ಟೆಗಳ ಸಂಖ್ಯೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ನಿಲ್ಲಲು ನೆಲೆ ಸಿಗುವುದಿಲ್ಲ, ಅಷ್ಟೆ. ಮುಟ್ಟಿನ ಸ್ರಾವ ವಿಪರೀತವಾಗಿರುವ ಹೆಣ್ಣುಮಕ್ಕಳು ಸಂಕೋಚದಿಂದ ಸುಮ್ಮನಿರದೆ ಈ ಪರೀಕ್ಷೆಯನ್ನೂ ವೈದ್ಯರಲ್ಲಿ ಕೇಳುವುದು ಒಳಿತು.

ಡೆಂಗಿ ಜ್ವರದಲ್ಲಿ ಈ ಜೋಡಿಯ ಎರಡೂ ಕಡೆ ಪೆಟ್ಟು ಬೀಳುತ್ತದೆ. ಕರ್ನಾಟಕ ಸರಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಹಂಡೆ, ಬ್ಯಾರಲ್ಲುಗಳಲ್ಲಿ ನೀರು ಕೂಡಿಡುವ ನಮ್ಮ ಮನೆಗಳಿಗೆ ಈ ಸೊಳ್ಳೆ ಪರಕೀಯವಲ್ಲ. ಕಾಯಿಲೆ ಬಿದ್ದ ಮನೆಯವರು ಗಳಿಗೆಗೊಮ್ಮೆ ‘ಕೌಂಟ್ ಎಷ್ಟು?’ ಎಂದು ಕೇಳುತ್ತಾರೆ. ಆದರೆ ದೊಡ್ಡ ಅಪಾಯವಿರುವುದು ನಾಳದ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಸೋರುವುದರಲ್ಲಿ. ಅದೂ ಜ್ವರ ಇಳಿದು ‘ಇನ್ನು ಗುಣವಾಯಿತು’ ಎಂದುಕೊಳ್ಳುವ ಒಂದೆರಡು ದಿನಗಳಲ್ಲಿಯೇ. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ಮಂಕು, ಇವುಗಳಲ್ಲಿ ಯಾವುದೊಂದು ಕಂಡರೂ ಪಪ್ಪಾಯಿ ಎಲೆಯ ರಸವೆನ್ನುತ್ತ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಸಲ್ಲವು. ಒಂದು ಆಸ್ಪಿರಿನ್ ಗುಳಿಗೆ ಕಿರುತಟ್ಟೆಗಳನ್ನು ಅವುಗಳ ಆಯುಷ್ಯ ಮುಗಿಯುವವರೆಗೂ ಮಂಕಾಗಿಸುತ್ತದೆ. ರಕ್ತಸ್ರಾವವಿಲ್ಲದಿದ್ದರೆ ಸಂಖ್ಯೆ ಸುಮಾರು 10,000ಕ್ಕಿಂತ ಕೆಳಗಿಳಿಯದೆ ಕಿರುತಟ್ಟೆ ಕೊಡುವ ಅಗತ್ಯ ಸಾಮಾನ್ಯವಾಗಿ ಬೀಳದು.

ಬೇಕಾದಾಗಲೋ, ಅವು ಒಡನೆ ಸಿಗಬೇಕು. ರಕ್ತನಿಧಿಯಲ್ಲಿ ಕೆಂಪು ಕಣಗಳು ತಂಪಿನಲ್ಲಿ ಒಂದು ತಿಂಗಳಿಗೂ ಮಿಕ್ಕಿ ಉಳಿಯುತ್ತವೆ. ಕಿರುತಟ್ಟೆಗಳನ್ನಾದರೋ 20ರಿಂದ 24 ಡಿಗ್ರಿ ಉಷ್ಣತೆಯಲ್ಲಿ ಅಲುಗಾಡಿಸುತ್ತಲೇ ಇಟ್ಟರೂ ಸಾಮಾನ್ಯವಾಗಿ 5 ದಿನಗಳಷ್ಟೇ. ಬಸವ ಜಯಂತಿಯಂದು ನಮ್ಮವರು ನಡೆಸುವ ರಕ್ತದಾನ ಶಿಬಿರಗಳು ಶ್ಲಾಘ್ಯವೇ. ಆದರೆ ವೈಶಾಖದಲ್ಲಿ ಕೊಟ್ಟ ಕಿರುತಟ್ಟೆ ಮಳೆಗಾಲದ ಡೆಂಗಿಗೆ ಒದಗದು. ಶ್ರಾವಣದಲ್ಲಿ ಮಠಗಳಲ್ಲಿ ಪ್ರವಚನ ನಡೆಯುವಾಗ ಇನ್ನೊಂದು ಶಿಬಿರವೇಕೆ ಬೇಡ? 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕದ ಆರೋಗ್ಯವಂತರು ವೈದ್ಯರ ತಪಾಸಣೆಯ ನಂತರ ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಲು ಅಡ್ಡಿಯಿಲ್ಲ.