ಉತಾರವೂ ತಂತ್ರಾಂಶವೂ

ಹಾನಗಲ್ಲಿನ ಭತ್ತದ ಗದ್ದೆಯಾಗಲಿ, ಸವಣೂರಿನ ವೀಳ್ಯದೆಲೆಯ ತೋಟವಾಗಲಿ, ಶಿಗ್ಗಾವಿ ಹಾಗೂ ಹಿರೇಕೆರೂರು ಸೀಮೆಯ ಹತ್ತಿ, ಗೋವಿನಜೋಳದ ಹೊಲವಾಗಲಿ, ಅದರ ಒಡೆತನಕ್ಕೆ ಆಧಾರವಾದುದು ಒಂದು ಹಾಳೆ. ಸರಕಾರದ ಭಾಷೆಯಲ್ಲಿ ಅದರ ಹೆಸರು ಪಹಣಿ. ಈ ಭಾಗದ ರೈತರ ಬಾಯಲ್ಲಿ ಅದು ಉತಾರ. ಹೊಲ ಯಾರದು, ವಿಸ್ತೀರ್ಣವೆಷ್ಟು, ಅದರ ಮೇಲೆ ಸಾಲವಿದೆಯೇ, ಬೆಳೆ ಯಾವುದು ಎಂಬ ಸಂಗತಿಗಳೆಲ್ಲ ಅದರಲ್ಲಿ ಅಡಕವಾಗಿರುತ್ತವೆ. ಬ್ಯಾಂಕಿನ ಸಾಲಕ್ಕೆ, ಜಮೀನಿನ ಮಾರಾಟಕ್ಕೆ, ನ್ಯಾಯಾಲಯದ ವ್ಯಾಜ್ಯಕ್ಕೆ ಉತಾರ ಬೇಕೇ ಬೇಕು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಕಲಮಿನಂತೆ, ಹಕ್ಕುದಾಖಲೆಯಲ್ಲಿ ಬರೆದುದನ್ನು ಅದು ತಪ್ಪೆಂದು ರುಜುವಾತಾಗುವವರೆಗೆ ನಿಜವೆಂದೇ ಭಾವಿಸತಕ್ಕದ್ದು. ಆದುದರಿಂದ ಆ ಹಾಳೆಯಲ್ಲಿ ತಪ್ಪೊಂದು ನುಸುಳಿದರೆ, ಅದನ್ನು ತೋರಿಸಿಕೊಡುವ ಹೊರೆ ಬೀಳುವುದು ರೈತನ ಹೆಗಲಿಗೆ.

ಹಿಂದೆ ಈ ದಾಖಲೆಗಳನ್ನು ಕೈಯಿಂದ ಬರೆದು ಕಾಯುತ್ತಿದ್ದವರು ಗ್ರಾಮಲೆಕ್ಕಿಗರು. ಈ ಸೀಮೆಯ ಮಾತಿನಲ್ಲಿ ತಲಾಠಿಗಳು. ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು 9,000. ದಾಖಲೆಗಳನ್ನು ಗಣಕಯಂತ್ರಕ್ಕೆ ಸೇರಿಸುವ ಮೊದಲ ಪ್ರಯೋಗ ಕರ್ನಾಟಕದಲ್ಲಿ 1991ರಲ್ಲಿ ನಡೆಯಿತು. ಆದರೆ ಜಮೀನಿನ ದಾಖಲೆ ನಿಂತ ನೀರಲ್ಲ. ತಂದೆ ತೀರಿಕೊಂಡರೆ ಮಕ್ಕಳ ಹೆಸರು ಸೇರಬೇಕು. ಹೊಲ ಮಾರಿದರೆ ಹೆಸರು ಬದಲಾಗಬೇಕು. ಇಂಥ ಬದಲಾವಣೆಗಳು ನಡೆಯುವುದು ತಾಲ್ಲೂಕು ಕಚೇರಿಯಲ್ಲಿ. ಆ ಯೋಜನೆಯಲ್ಲಿ ತಾಲ್ಲೂಕು ಕಚೇರಿಗೆ ಯಂತ್ರವನ್ನು ಒದಗಿಸುವ ಏರ್ಪಾಟೇ ಇರಲಿಲ್ಲ. ಹೀಗಾಗಿ ಹೊಲ ಕೈ ಬದಲಾಯಿಸಿದರೂ ಯಂತ್ರದಲ್ಲಿ ಹಳೆಯ ಹೆಸರೇ ಉಳಿಯುವಂತಾಯಿತು. ನಿನ್ನೆಯ ಸತ್ಯವನ್ನು ಇಂದಿನದೆಂದು ಹೇಳುವ ದಾಖಲೆಯನ್ನು ಯಾರು ನಂಬಿಯಾರು?

ಈ ಕೊರತೆಯನ್ನು ನೀಗಿಸಲು ಬಂದುದು 'ಭೂಮಿ' ಯೋಜನೆ. ಗಣಕಯಂತ್ರವು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ವಿಧಿಸುವ ಸೂಚನೆಗಳ ಸಮೂಹವೇ ತಂತ್ರಾಂಶ. 'ಭೂಮಿ'ಯ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿತು. 2002ರ ಹೊತ್ತಿಗೆ ಅದು ರಾಜ್ಯದ ಅಂದಿನ 177 ತಾಲ್ಲೂಕು ಕೇಂದ್ರಗಳನ್ನು ಮುಟ್ಟಿ, ಸುಮಾರು 2 ಕೋಟಿ ಪಹಣಿಗಳನ್ನು ಒಳಗೊಂಡಿತು. 1997ರಲ್ಲಿ ರಚಿತವಾದ ಹಾವೇರಿ ಜಿಲ್ಲೆಯ ತಾಲ್ಲೂಕುಗಳೂ ಅವುಗಳಲ್ಲಿ ಸೇರಿದ್ದವು. ಆರಂಭದಲ್ಲಿ 15 ರೂಪಾಯಿ ಕೊಟ್ಟ ರೈತನಿಗೆ ಕಿಟಕಿಯಲ್ಲಿಯೇ ಉತಾರ ದೊರೆಯುತ್ತಿತ್ತು. ಯಂತ್ರಕ್ಕೆ ಸೇರಿಸಿದ ವಿವರಗಳನ್ನು ಅಚ್ಚು ಹಾಕಿ, ಮೂಲ ದಾಖಲೆಯೊಡನೆ ತಾಳೆ ನೋಡುವಂತೆ ಗ್ರಾಮಲೆಕ್ಕಿಗರಿಗೆ ಒಪ್ಪಿಸಲಾಗುತ್ತಿತ್ತು. ಬದಲಾವಣೆ ಮಾಡುವ ನೌಕರನು ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ತೋರಿಸಬೇಕಾಗಿತ್ತು. ಮೊದಲು ಬಂದ ಅರ್ಜಿಗೆ ಮೊದಲ ಸರದಿ ಎಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಗಿತ್ತು. ಒಳಗೆ ನಡೆಯುವುದು ಹೊರಗೆ ನಿಂತ ರೈತನಿಗೂ ಕಾಣುವಂತೆ ಅವನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನು ಇರಿಸಲಾಯಿತು. ಇವೆಲ್ಲವೂ ನಂಬಿಕೆಯನ್ನು ಗಳಿಸಿಕೊಳ್ಳುವ ಉಪಾಯಗಳು.

ಇಷ್ಟಾದರೂ ತಪ್ಪುಗಳು ಉಳಿದವು. ಹಳೆಯ ಪುಸ್ತಕದಲ್ಲಿದ್ದ ತಪ್ಪನ್ನು ಯಂತ್ರವು ನಿಷ್ಠೆಯಿಂದ ಕಾಪಾಡಿಕೊಂಡು ಬರುತ್ತದೆ. ಬೆರಳಚ್ಚು ಮಾಡುವವನ ತಪ್ಪು ಅದಕ್ಕೆ ಕೂಡಿಕೊಳ್ಳುತ್ತದೆ. ಒಂದು ಸರ್ವೆ ನಂಬರಿನ ವಿಸ್ತೀರ್ಣ 4 ಎಕರೆ 10 ಗುಂಟೆ ಎಂದು ಭಾವಿಸೋಣ. ಇಬ್ಬರು ಅಣ್ಣತಮ್ಮಂದಿರ ಪಾಲು ತಲಾ 2 ಎಕರೆ 5 ಗುಂಟೆ. ಒಬ್ಬನ ಹೆಸರಿನ ಮುಂದೆ 5ರ ಬದಲು 15 ಗುಂಟೆ ಎಂದು ಬಿದ್ದರೆ, ಕಾಗದದ ಮೇಲೆ ಇಲ್ಲದ 10 ಗುಂಟೆ ನೆಲ ಹುಟ್ಟಿಕೊಳ್ಳುತ್ತದೆ. ಪಹಣಿಯ 3ನೆಯ ಕಲಮಿನ ವಿಸ್ತೀರ್ಣಕ್ಕೂ 9ನೆಯ ಕಲಮಿನಲ್ಲಿರುವ ಒಡೆಯರ ಪಾಲುಗಳ ಮೊತ್ತಕ್ಕೂ ತಾಳೆಯಾಗದಿರುವುದು ಕರ್ನಾಟಕದ ರೈತರಿಗೆಲ್ಲ ಪರಿಚಿತವಾದ ತೊಡಕು.

ಇಲ್ಲಿ ಎರಡು ಬಗೆಯ ತಪ್ಪುಗಳನ್ನು ಬೇರ್ಪಡಿಸಿ ನೋಡಬೇಕು. ಎಕರೆಗೆ 40 ಗುಂಟೆಯಾದುದರಿಂದ, ಗುಂಟೆಯ ಜಾಗದಲ್ಲಿ 45 ಎಂದು ಬರೆದರೆ ತಂತ್ರಾಂಶವೇ ಅದನ್ನು ನಿರಾಕರಿಸಬಹುದು. ಪಾಲುಗಳ ಮೊತ್ತವನ್ನೂ ಕೂಡಿಸಿ ನೋಡಬಹುದು. ಆದರೆ ಹೊಲದ ಒಡೆಯ ಬಸಪ್ಪನೋ ಬಸವಣ್ಣೆಪ್ಪನೋ ಎಂಬುದನ್ನು ಯಾವ ಯಂತ್ರವೂ ಅರಿಯದು. ಅದನ್ನು ಬಲ್ಲವನು ಆ ಹೊಲವನ್ನು ಉಳುವವನೇ. ಆದುದರಿಂದ ತಂತ್ರಾಂಶವನ್ನು ಬಳಸುವವನ ದೂರು ಅದನ್ನು ರಚಿಸಿದವರಿಗೆ ಆದ ಅವಮಾನವಲ್ಲ. ಬೇರೆಲ್ಲಿಯೂ ದೊರೆಯದ ತಿಳಿವಳಿಕೆ.

ಈ ತಿಳಿವಳಿಕೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯ ನಿದರ್ಶನವೊಂದಿದೆ. 1999ರಿಂದ ಅಲ್ಲಿಯ ಅಂಚೆ ಕಚೇರಿಗಳ ಲೆಕ್ಕಪತ್ರವನ್ನು 'ಹೊರೈಜನ್' ಎಂಬ ತಂತ್ರಾಂಶಕ್ಕೆ ವಹಿಸಲಾಯಿತು. ಎಣಿಸಿದ ಹಣಕ್ಕೂ ಯಂತ್ರದ ಲೆಕ್ಕಕ್ಕೂ ಹೊಂದುತ್ತಿಲ್ಲವೆಂದು ಹಳ್ಳಿ ಪಟ್ಟಣಗಳ ಪೋಸ್ಟ್‌ಮಾಸ್ಟರುಗಳು ದೂರಿಕೊಂಡರು. ಇಂಥ ತೊಂದರೆ ನಿಮ್ಮೊಬ್ಬರಿಗೇ ಎಂದು ಅವರಲ್ಲಿ ಅನೇಕರಿಗೆ ಉತ್ತರ ಬಂದಿತು. ಯಂತ್ರ ಸರಿಯಾಗಿಯೇ ಇದೆಯೆಂದು ಅಲ್ಲಿಯ ನ್ಯಾಯಪದ್ಧತಿಯೂ ಭಾವಿಸಿತು. 1999 ಮತ್ತು 2015ರ ನಡುವೆ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕ ಮೊದಲಾದ ಅಪರಾಧಗಳಿಗಾಗಿ ಶಿಕ್ಷೆಗೆ ಗುರಿಯಾದರು. ಕೆಲವರು ಸೆರೆಮನೆ ಸೇರಿದರು. ತಂತ್ರಾಂಶದಲ್ಲಿಯೇ ದೋಷಗಳಿದ್ದುವೆಂದು ಉಚ್ಚ ನ್ಯಾಯಾಲಯವು ತೀರ್ಪಿತ್ತದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು 2024ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ದೂರುಗಳನ್ನು ಆರಂಭದಲ್ಲಿಯೇ ಒಂದೆಡೆ ಕೂಡಿಸಿ ನೋಡಿದ್ದರೆ, ಅವೆಲ್ಲ ಒಂದೇ ರೋಗದ ಲಕ್ಷಣಗಳೆಂಬುದು ಗೋಚರಿಸುತ್ತಿತ್ತು.

ಹಾಗಾದರೆ ತಂತ್ರಾಂಶ ರಚಿಸುವವರ ಕರ್ತವ್ಯವೇನು? ಹೊಸ ಸೌಲಭ್ಯಗಳಿಗಿಂತ ಮೊದಲು ಇರುವ ಸೌಲಭ್ಯ ನಂಬಿಕೆಗೆ ಅರ್ಹವಾಗಿರಬೇಕು. ನೂರಕ್ಕೆ 99 ಪಾಲು ಕಾಲ ಯಂತ್ರ ನಡೆಯುತ್ತದೆ ಎಂಬ ಮಾತು ಕಿವಿಗೆ ಇಂಪು. ಆದರೆ ವರ್ಷದ 8,760 ಗಂಟೆಗಳಲ್ಲಿ ನೂರರ ಒಂದು ಪಾಲೆಂದರೆ ಸುಮಾರು 88 ಗಂಟೆ, ಅಂದರೆ ಮೂರೂವರೆ ದಿನಕ್ಕೂ ಹೆಚ್ಚು. ಆ ದಿನಗಳು ಮುಂಗಾರಿನ ಬಿತ್ತನೆಗೆ ಸಾಲ ತೆಗೆಯುವ ದಿನಗಳೇ ಆದರೆ, 'ಸರ್ವರ್ ಇಲ್ಲ' ಎಂಬ ಎರಡು ಮಾತು ಕೇಳಿ ಊರಿಗೆ ಹಿಂತಿರುಗುವ ರೈತನಿಗೆ ಆಗುವ ನಷ್ಟವನ್ನು ಆ ಲೆಕ್ಕ ತೋರಿಸದು. ವಿವೇಕಿಗಳಾದ ತಂತ್ರಜ್ಞರು ಎಷ್ಟು ಅಡಚಣೆಯನ್ನು ಸಹಿಸಬಹುದೆಂದು ಮೊದಲೇ ಮಿತಿ ಹಾಕಿಕೊಳ್ಳುತ್ತಾರೆ. ಮಿತಿ ಮೀರಿದರೆ ಹೊಸದನ್ನು ಕಟ್ಟುವುದನ್ನು ನಿಲ್ಲಿಸಿ, ಇದ್ದುದನ್ನು ದುರಸ್ತಿ ಮಾಡುತ್ತಾರೆ.

ದೂರುಗಳ ವಿಷಯದಲ್ಲಿಯೂ ಕ್ರಮವೊಂದು ಬೇಕು. ಬಂದ ದೂರಿಗೆ ಸಂಖ್ಯೆ ಕೊಟ್ಟು ಬರೆದಿಡಬೇಕು. ಅಂಥದೇ ದೂರು ಬೇರೆಡೆ ಬಂದಿದೆಯೇ ಎಂದು ನೋಡಬೇಕು. ತಪ್ಪು ತಮ್ಮದಾದರೆ ಒಪ್ಪಿಕೊಂಡು ತಿದ್ದಬೇಕು. ತಿದ್ದಿದ ಸಂಗತಿಯನ್ನು ದೂರಿದವನಿಗೆ ತಿಳಿಸಬೇಕು. ಎಲ್ಲ ಬೇಡಿಕೆಗಳೂ ಸಮಾನವಲ್ಲ. ಪರದೆಯ ಬಣ್ಣ ಹಿಡಿಸಲಿಲ್ಲವೆಂಬುವವನು ಕಾಯಬಹುದು. ಹೊಲದ ಮೇಲಿನ ಹೆಸರು ತಪ್ಪಿದವನು ಕಾಯಲಾಗದು. ದೂರುವವನ ದನಿ ಕೆಲವೊಮ್ಮೆ ಒರಟಾಗಿರುತ್ತದೆ, ಮಾತು ಅಪೂರ್ಣವಾಗಿರುತ್ತದೆ. ಒರಟುತನವನ್ನು ಬದಿಗಿಟ್ಟು ಒಳಗಿನ ಸಂಗತಿಯನ್ನು ಹುಡುಕುವುದೇ ಜಾಣತನ. ಮುಖದ ಮಸಿಯನ್ನು ತೋರಿಸಿತೆಂದು ಕನ್ನಡಿಯನ್ನು ಒಡೆದರೆ ಮಸಿ ಹೋಗದು.

'ಭೂಮಿ'ಯ ಕಿಟಕಿಯಲ್ಲಿ ರೈತನ ಕಡೆಗೆ ತಿರುಗಿಸಿದ ಆ ಪರದೆಯಲ್ಲಿ ದೊಡ್ಡದೊಂದು ಪಾಠ ಅಡಗಿದೆ. ತನ್ನ ಹೆಸರನ್ನು ಅಲ್ಲಿ ಓದಿ, "ಸಾಹೇಬರ, ಇದು ತಪ್ಪೈತ್ರಿ" ಎನ್ನುವ ರೈತನು ಆ ತಂತ್ರಾಂಶದ ವಿರೋಧಿಯಲ್ಲ. ಸಂಬಳವಿಲ್ಲದೆ ದುಡಿಯುವ ಅದರ ಪರೀಕ್ಷಕ. ಅವನ ಮಾತಿಗೆ ಕಿವಿಗೊಡುವ ತಂತ್ರಾಂಶ ಮಾತ್ರ ನಂಬಿಕೆಗೆ ಯೋಗ್ಯವಾಗುತ್ತದೆ.