ಪುಟದ ಕಾಮಿಕ್ಸ್, ಪರದೆಯ ಕಾಮಿಕ್ಸ್

ಕಾಮಿಕ್ಸ್‌ನಲ್ಲಿ ಕಾಲ ಜಾಗದ ರೂಪ ತಾಳುತ್ತದೆ. ಒಂದು ಚೌಕಟ್ಟಿನಲ್ಲಿ ಎತ್ತಿದ ಕೋಲು, ಮುಂದಿನದರಲ್ಲಿ ಒಡೆದ ಮಡಕೆ. ನಡುವೆ ನಡೆದದ್ದನ್ನು ಓದುಗರ ಮನಸ್ಸೇ ತುಂಬಿಕೊಳ್ಳುತ್ತದೆ. ಚೌಕಟ್ಟುಗಳ ನಡುವಿನ ಈ ತೆರಪಿನ ಮಹತ್ವವನ್ನು ಅಮೆರಿಕದ ಕಲಾವಿದ ಸ್ಕಾಟ್ ಮೆಕ್ಲೌಡ್ 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಕೃತಿಯಲ್ಲಿ ವಿವರಿಸಿದರು. ಕಾಗದವಾಗಲಿ ಪರದೆಯಾಗಲಿ, ಮನಸ್ಸಿನ ಈ ಕೆಲಸ ತಪ್ಪಿದ್ದಲ್ಲ. ಆದರೆ ಒಮ್ಮೆಗೆ ಎಷ್ಟು ಚೌಕಟ್ಟುಗಳು ಕಣ್ಣಿಗೆ ಬೀಳುತ್ತವೆ ಎಂಬುದು ಎರಡರಲ್ಲೂ ಬೇರೆ.

ಈ ವ್ಯತ್ಯಾಸ ಏಕೆ ಮುಖ್ಯ ಎಂದು ತಿಳಿಯಲು ಕಣ್ಣು ಓದುವ ಬಗೆಯನ್ನು ನೋಡಬೇಕು. ಅಕ್ಷಿಪಟಲದಲ್ಲಿ ಅತ್ಯಂತ ಸ್ಪಷ್ಟ ದೃಷ್ಟಿಯ ಭಾಗ ಫೋವಿಯಾ. ಅದರ ವ್ಯಾಪ್ತಿ ಸುಮಾರು 2 ಡಿಗ್ರಿ, ಅಂದರೆ ಚಾಚಿದ ಕೈಯ ಹೆಬ್ಬೆರಳಿನಷ್ಟು ಅಗಲ. ಹಾಗಾಗಿ ಓದುವ ಕಣ್ಣು ಒಂದೇ ಸಮನೆ ಸಾಗದೆ ಜಿಗಿಯುತ್ತ, ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ತಂಗುತ್ತದೆ. ಸುತ್ತಲಿನದು ಮಸುಕಾಗಿ ಕಂಡರೂ ಮುಂದಿನ ಜಿಗಿತ ಎಲ್ಲಿಗೆ ಎಂಬ ಸುಳಿವು ಸಿಗುವುದು ಅಲ್ಲಿಂದಲೇ.

ಮುದ್ರಿತ ಪುಸ್ತಕ ತೆರೆದಾಗ ಎರಡು ಪುಟಗಳು ಒಟ್ಟಿಗೆ ಕಾಣುತ್ತವೆ. ದೊಡ್ಡ ಚೌಕಟ್ಟು, ಗಾಢ ಬಣ್ಣ ಓದುವ ಮೊದಲೇ ಕಣ್ಣನ್ನು ಸೆಳೆಯುತ್ತವೆ. ಇದರಿಂದ ಕಥೆಯ ಗುಟ್ಟು ರಟ್ಟಾಗುವ ಅಪಾಯವೂ ಉಂಟು. ಅದಕ್ಕೇ ಅಚ್ಚರಿಯ ಚಿತ್ರವನ್ನು ಹಾಳೆ ಮಗುಚಿದ ಮೇಲೆ ಕಾಣುವಂತೆ ಇಡುತ್ತಾರೆ. 1929ರಲ್ಲಿ ಬೆಲ್ಜಿಯಂನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಶುರುವಾದ ಟಿನ್‌ಟಿನ್ ಕಥೆಗಳಲ್ಲಿ ಪುಟದ ಕೊನೆಗೆ ಕುತೂಹಲ ಕೆರಳಿಸುವ ಜಾಣ್ಮೆ ಎದ್ದು ಕಾಣುತ್ತದೆ. ಭಾರತದಲ್ಲಿ ಮನೆಮಾತಾದ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ‘ಅಮರ ಚಿತ್ರಕಥೆ’ಯದೂ ಹೀಗೆ ಪುಟವನ್ನೇ ಅಳತೆಯಾಗಿಟ್ಟುಕೊಂಡ ಕಥನ.

ಪುಟಕ್ಕಿರುವ ಅಂಚು ಪರದೆಯ ಕಥೆಗೆ ಬೇಕಿಲ್ಲ. ಈ ಸಾಧ್ಯತೆಯನ್ನು ಮೆಕ್ಲೌಡ್ 2000ದಲ್ಲಿ ‘ಅನಂತ ಕ್ಯಾನ್ವಾಸ್’ ಎಂದು ಕರೆದರು. ದಕ್ಷಿಣ ಕೊರಿಯಾದಲ್ಲಿ ಡೌಮ್ ಜಾಲತಾಣ 2003ರಲ್ಲಿ, ನೇವರ್ ಜಾಲತಾಣ 2004ರಲ್ಲಿ ಆರಂಭಿಸಿದ ಆನ್‌ಲೈನ್ ಕಾಮಿಕ್ಸ್, ಅಂದರೆ ವೆಬ್‌ಟೂನ್‌ಗಳು, ಮೇಲಿನಿಂದ ಕೆಳಕ್ಕೆ ಸ್ಕ್ರಾಲ್ ಮಾಡಿ ಓದುವ ಕ್ರಮವನ್ನು ಬೆಳೆಸಿದವು. ಮೊಬೈಲಿನಲ್ಲಿ ಒಂದೆರಡೇ ಚೌಕಟ್ಟು ಕಾಣುವುದರಿಂದ ಮುಂದಿನದು ಮರೆಯಲ್ಲೇ ಇರುತ್ತದೆ. ಅಚ್ಚರಿಯನ್ನು ಎಲ್ಲಿ ಬೇಕಾದರೂ ಇಡಬಹುದು. ಚಿತ್ರಗಳ ನಡುವೆ ಉದ್ದನೆಯ ಖಾಲಿ ಜಾಗ ಬಿಟ್ಟರೆ ಮೌನ ದೀರ್ಘವಾಗುತ್ತದೆ. ಬಂಡೆಯಿಂದ ಬೀಳುವವನನ್ನು ಒಂದೇ ಉದ್ದ ಚಿತ್ರದಲ್ಲಿ ತೋರಿಸಿದರೆ ಓದುಗರ ಬೆರಳೇ ಬೀಳುವ ವೇಗವನ್ನು ನಿರ್ಧರಿಸುತ್ತದೆ.

ಬಣ್ಣ ಹುಟ್ಟುವ ಬಗೆಯೂ ಬೇರೆ. ಕಾಗದದ ಮೇಲಿನ ಶಾಯಿ ಬೆಳಕಿನ ಒಂದು ಭಾಗವನ್ನು ಹೀರಿ ಉಳಿದದ್ದನ್ನು ಹಿಂತಿರುಗಿಸುತ್ತದೆ. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ತಾನೇ ಸೂಸುತ್ತದೆ. ಕತ್ತಲ ನಡುವೆ ಹೊಳೆಯುವ ದೀಪ ಪರದೆಯಲ್ಲಿ ಹೆಚ್ಚು ಪ್ರಖರ.

ನೆನಪಿನ ವಿಷಯದಲ್ಲಿ ಕಾಗದಕ್ಕೆ ಒಂದು ಅನುಕೂಲವಿದೆ. ಓದಿದ ಸಂಗತಿ ಪುಟದ ಯಾವ ಭಾಗದಲ್ಲಿತ್ತು ಎಂಬುದು ಪ್ರಯತ್ನವಿಲ್ಲದೆ ನೆನಪಿನಲ್ಲಿ ಉಳಿಯುತ್ತದೆಂದು ಸಂಶೋಧಕ ಅರ್ನ್‌ಸ್ಟ್ ರಾತ್‌ಕಾಫ್ 1971ರಲ್ಲಿ ಮುದ್ರಿತ ಬರಹವನ್ನು ಬಳಸಿ ತೋರಿಸಿದ್ದರು. ಸ್ಕ್ರಾಲ್ ಮಾಡುವಾಗ ಸ್ಥಾನಗಳೇ ಸರಿಯುವುದರಿಂದ ಇಂಥ ಗುರುತು ಸಿಗುವುದು ಕಷ್ಟ.

ಒಂದು ಮಾಧ್ಯಮದ ಕಥೆಯನ್ನು ಇನ್ನೊಂದಕ್ಕೆ ತರುವಾಗ ಈ ಅಂತರ ಸ್ಪಷ್ಟವಾಗುತ್ತದೆ. ವೆಬ್‌ಟೂನನ್ನು ಪುಸ್ತಕವಾಗಿಸಲು ಚೌಕಟ್ಟುಗಳನ್ನು ಮರುಜೋಡಿಸಬೇಕು. ಖಾಲಿ ಜಾಗದ ಮೌನ ಮೊಟಕಾಗುತ್ತದೆ. ಮುದ್ರಿತ ಪುಟವನ್ನು ಬಿಡಿಸಿ ಮೊಬೈಲಿನಲ್ಲಿ ಒಂದೊಂದೇ ಚೌಕಟ್ಟಾಗಿ ತೋರಿಸಿದರೆ ಅಕ್ಷರ ದೊಡ್ಡದಾಗುತ್ತದೆ, ಇಡೀ ಪುಟದ ವಿನ್ಯಾಸ ಕಾಣದಾಗುತ್ತದೆ.