ಮನುಷ್ಯನ ಕಣ್ಣಿನ ರಕ್ಷಣೆಗೆ ಮೊಲದ ಕಣ್ಣು ಬೇಕೆ?

ಶಾಂಪೂ, ಬಟ್ಟೆ ತೊಳೆಯುವ ಪುಡಿ, ಬೆಳೆಗೆ ಹೊಡೆಯುವ ಔಷಧಿ ಮುಂತಾದವು ಕಣ್ಣಿಗೆ ಸಿಡಿದರೆ ಎಷ್ಟು ಹಾನಿಯಾಗುವುದೆಂಬುದನ್ನು ತಯಾರಕರು ಮೊದಲೇ ಅರಿತಿರಬೇಕು. ಕಾಗವಾಡ, ಅಥಣಿ ಭಾಗದ ದ್ರಾಕ್ಷಿ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವ ಭಕ್ತರಿಗೆ ಇದರ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ.

1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಮತ್ತು ಸಂಗಡಿಗರು ಇದಕ್ಕಾಗಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಮೊಲದ ಒಂದು ಕಣ್ಣಿಗೆ ರಾಸಾಯನಿಕವನ್ನು ಹಾಕಿ, ಇನ್ನೊಂದನ್ನು ಹೋಲಿಕೆಗೆ ಬಿಟ್ಟು, ಕೆಂಪು, ಬಾವು, ಮಬ್ಬುಗಳನ್ನು ದಿನಗಟ್ಟಲೆ ಗಮನಿಸುವುದೇ ಅದರ ಕ್ರಮ. ಮೂಕಪ್ರಾಣಿಯ ಯಾತನೆ ಒಂದೆಡೆಯಿರಲಿ. ಮೊಲಕ್ಕೆ ಮೂರನೆಯ ರೆಪ್ಪೆಯಿದೆ, ಅದು ಕಣ್ಣು ಮಿಟುಕಿಸುವುದೂ ನಮಗಿಂತ ಕಡಿಮೆ. ಆದಕಾರಣ ಅದರ ಫಲಿತಾಂಶ ಮನುಷ್ಯನಿಗೆ ಯಥಾವತ್ತಾಗಿ ಅನ್ವಯಿಸದು.

ಈಗ ಬೇರೆ ಮಾರ್ಗಗಳಿವೆ. ಪದಾರ್ಥದ ಪಿಎಚ್ ಮೌಲ್ಯ 2ಕ್ಕಿಂತ ಕಡಿಮೆ ಅಥವಾ 11.5ಕ್ಕಿಂತ ಹೆಚ್ಚಿದ್ದರೆ ಅದು ಕಣ್ಣಿಗೆ ಅಪಾಯಕರವೆಂದೇ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಸುಣ್ಣದ ತಿಳಿಯ ಮೌಲ್ಯ ಸುಮಾರು 12.4. ಎರಡನೆಯದಾಗಿ, ಕಸಾಯಿಖಾನೆಯಲ್ಲಿ ಆಹಾರಕ್ಕಾಗಿ ಕೊಂದ ದನಗಳ ಕಣ್ಣಿನಿಂದ ಕಾರ್ನಿಯಾ ಎಂಬ ಪಾರದರ್ಶಕ ಪಟಲವನ್ನು ತೆಗೆದು, ಅದು ಎಷ್ಟು ಮಬ್ಬಾಯಿತು, ಬಣ್ಣದ ದ್ರವ ಎಷ್ಟು ಒಳಹೊಕ್ಕಿತು ಎಂದು ಅಳೆಯುತ್ತಾರೆ. ಮೂರನೆಯದಾಗಿ, ಮಾನವ ಜೀವಕೋಶಗಳಿಂದಲೇ ಕಾರ್ನಿಯಾದ ಹೊರಪದರವನ್ನು ಹೋಲುವ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ರಾಸಾಯನಿಕ ತಾಗಿದ ಮೇಲೆ ಎಷ್ಟು ಕೋಶಗಳು ಬದುಕಿ ಉಳಿದವೆಂದು ನೋಡುತ್ತಾರೆ. ಇವುಗಳಲ್ಲಿ ಯಾವುದೊಂದೂ ತಾನೇ ಪೂರ್ಣ ಉತ್ತರ ಕೊಡದು. ಆದ್ದರಿಂದ ಹಲವನ್ನು ಕೂಡಿಸಿ ನಿರ್ಣಯಿಸಲಾಗುತ್ತದೆ.

ಭಾರತವು 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ಅದೇ ವರ್ಷ ತಡೆಯಿತು. ಆದರೆ ಈ ನಿಷೇಧ ಕೀಟನಾಶಕಗಳಿಗೆ ಅನ್ವಯಿಸುವುದಿಲ್ಲ.

ರೈತರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಔಷಧಿ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಬಾಯಿಯ ಮೂಲಕ ಅಥವಾ ಚರ್ಮದ ಮೂಲಕ ಸೇರಿದಾಗಿನ ವಿಷದ ತೀವ್ರತೆಯನ್ನು ಸೂಚಿಸುತ್ತವೆ. ಹಸಿರು ಗುರುತಿದ್ದ ಮಾತ್ರಕ್ಕೆ ಅದು ಕಣ್ಣಿಗೆ ನಿರಪಾಯಕರವೆಂದು ತಿಳಿಯಲಾಗದು. ಸಿಂಪಡಿಸುವಾಗ ಕನ್ನಡಕ ಧರಿಸುವುದು ಅವಶ್ಯ. ಕಣ್ಣಿಗೆ ಸಿಡಿದರೆ ಉಜ್ಜದೆ, ರೆಪ್ಪೆ ತೆರೆದು, ಶುದ್ಧ ನೀರಿನಿಂದ ಕನಿಷ್ಠ 15ರಿಂದ 20 ನಿಮಿಷ ಸತತವಾಗಿ ತೊಳೆಯಬೇಕು. ತುಪ್ಪ, ಹಾಲು ಹಾಕಬಾರದು. ಆಮೇಲೆ ತಡಮಾಡದೆ, ಡಬ್ಬಿಯ ಚೀಟಿಯೊಡನೆ ನೇತ್ರವೈದ್ಯರನ್ನು ಕಾಣಬೇಕು.